ಕಾರಣ ಕೇಳುವ ಯಂತ್ರ, ಕಾರಣ ಬಚ್ಚಿಟ್ಟ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳು ಒಂದೊಂದಾಗಿ ಕೆಮ್ಮಿ, ಗುರುಗುಟ್ಟಿ, ಹೊಗೆ ಕಾರಿ ಮೈ ಬಿಸಿ ಮಾಡಿಕೊಳ್ಳುತ್ತಿವೆ. ಗೇಟಿನ ಬಲಕ್ಕಿರುವ ಪುಟ್ಟ ಕೋಣೆಯ ಕಿಟಕಿ ತೆರೆದಿದೆ. ಕಬ್ಬಿಣದ ಸರಳುಗಳ ಕೆಳಗೆ ಒಂದು ಮರದ ಹಲಗೆ. ವರ್ಷಗಟ್ಟಲೆ ಜನ ಮೊಣಕೈ ಊರಿ ಊರಿ ಅದರ ಅಂಚು ತೊಟ್ಟಿಲ ತುದಿಯಂತೆ ನುಣುಪಾಗಿದೆ. ಒಳಬದಿಯಲ್ಲಿ, ಸ್ವೆಟರಿನ ಮೇಲೊಂದು ಶಾಲು ಹೊದ್ದು, ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ. ಅವರ ಎಡಕ್ಕೆ ಕಂಪ್ಯೂಟರ್ ಪರದೆ, ಬಲಕ್ಕೆ ಮುಚ್ಚಳ ಹಾಕಿದ ಚಹಾದ ಲೋಟ. ಅವರು ಪರದೆಯನ್ನೂ ನೋಡುತ್ತಿಲ್ಲ, ಲೋಟವನ್ನೂ ಮುಟ್ಟುತ್ತಿಲ್ಲ. ಗೇಟಿನಿಂದ ಒಳಗೆ ಬರುವವರ ಮುಖ ನೋಡುತ್ತಿದ್ದಾರೆ.

ಡಿಪೋಗೆಲ್ಲ ಅವರು ಪಾಳಿ ಅಕ್ಕ. ಯಾವ ಬಸ್ಸನ್ನು ಯಾರು ಓಡಿಸಬೇಕು, ಯಾವ ಡ್ರೈವರ್ ಜೊತೆ ಯಾವ ಕಂಡಕ್ಟರ್ ಹೋಗಬೇಕು, ಯಾರಿಗೆ ಬೆಳಗಿನ ಪಾಳಿ, ಯಾರಿಗೆ ಸಂಜೆಯದು ಎಂದು ಹಂಚುವುದು ಅವರ ಕೆಲಸ. ನೂರಕ್ಕೂ ಮಿಕ್ಕ ಬಸ್ಸುಗಳು, ಅದರ ಮೂರರಷ್ಟು ಜನ. ಈಗ ಆ ಹಂಚಿಕೆಯನ್ನು ಹೊಸ ಯಂತ್ರ ಮಾಡುತ್ತದೆ. ಡ್ರೈವರುಗಳ ಮೊಬೈಲಿಗೇ ಪಾಳಿ ಬಂದು ಬೀಳುತ್ತದೆ. ಹಾಗಾಗಿ ಹೆಚ್ಚಿನವರು ಕೈಯಲ್ಲಿ ಮೊಬೈಲ್ ಹಿಡಿದು, ಕಿಟಕಿಯತ್ತ ತಲೆಯೆತ್ತದೆ, ನೇರ ತಮ್ಮ ಬಸ್ಸಿನ ಕಡೆ ನಡೆಯುತ್ತಾರೆ. ಆದರೂ ಬೆಳಿಗ್ಗೆ ಅರ್ಧ ಗಂಟೆ ಈ ಕಿಟಕಿ ತೆರೆದಿರಬೇಕೆಂಬುದು ಹೊಸ ವ್ಯವಸ್ಥೆಯ ಕಟ್ಟಳೆ.

ದಪ್ಪ ಹೊಟ್ಟೆಯ ಡ್ರೈವರ್ ಒಬ್ಬ ಮಾತ್ರ ನಿಲ್ಲುತ್ತಾನೆ.

"ಅಕ್ಕಾ, ನಿಮ್ಮ ಯಂತ್ರಕ್ಕೆ ನನ್ನ ಮೇಲೇನು ಸಿಟ್ಟು? ಇವತ್ತೂ ಆ ಬಾಯಿಬಡುಕ ಕಂಡಕ್ಟರನ್ನೇ ತಂದು ನನ್ನ ಕೊರಳಿಗೆ ಕಟ್ಟಿದೆ."

"ಪಕ್ಕದಲ್ಲಿ ಮಾತಾಡೋರಿದ್ರೆ ನಿದ್ದೆ ಬರಲ್ಲ ಕಣಪ್ಪಾ. ಊಟ ಆದ್ಮೇಲೆ ನೀನು ತೂಕಡಿಸೋ ವಿಷಯ ಅದಕ್ಕೂ ಗೊತ್ತಾಗಿದೆ."

"ಯಾರು ಹೇಳಿದ್ರು ಅದಕ್ಕೆ?"

"ಇನ್ಯಾರು, ನಾನೇ."

ಅವನು ನಗುತ್ತಾನೆ. ಆ ನಗು ಬಸ್ಸಿನ ಮೆಟ್ಟಿಲಿನವರೆಗೂ ಉಳಿಯುವುದಿಲ್ಲ. ಅಕ್ಕನಿಗೆ ಅದು ಕಾಣುತ್ತದೆ. ಮುಖ ನೋಡಿಯೇ ಅಲ್ಲವೇ ಅವರು ಇಷ್ಟು ವರ್ಷ ಡಿಪೋ ನಡೆಸಿದ್ದು.

ಅವರು ಇಲ್ಲಿಗೆ ಬಂದದ್ದು ಸಂತೋಷದಿಂದಲ್ಲ. ಗಂಡ ಇದೇ ಡಿಪೋದ ಕಂಡಕ್ಟರ್. ಜ್ವರ ಬಂದು ಮಲಗಿದವರು ಮೇಲೇಳಲಿಲ್ಲ. ಅವರ ಕೆಲಸದ ಬದಲಿಗೆ ಹೆಂಡತಿಗೊಂದು ಕೆಲಸ ಸಿಕ್ಕಿತು. ಮೊದಲ ದಿನ ಗೇಟಿನ ಹೊರಗೇ ನಿಂತಿದ್ದವರನ್ನು ಒಳಗೆ ಕರೆತಂದವರು ಗಂಡನ ಜೋಡಿಯಾಗಿದ್ದ ಡ್ರೈವರ್. ಡಿಪೋದವರ ಬಾಯಲ್ಲಿ ಅವರು ದೊಡ್ಡಣ್ಣ. ಡ್ರೈವರ್ ಮತ್ತು ಕಂಡಕ್ಟರ್ ಬಹುಕಾಲ ಒಂದೇ ಬಸ್ಸಿನಲ್ಲಿ ಓಡಿದರೆ ಒಡಹುಟ್ಟಿದವರಿಗಿಂತ ಹೆಚ್ಚಾಗುತ್ತಾರೆ. ಒಬ್ಬನ ಸಿಳ್ಳೆಯ ತೂಕದಲ್ಲೇ ಇನ್ನೊಬ್ಬನಿಗೆ ವಿಷಯ ತಿಳಿಯುತ್ತದೆ. "ತಂಗಿ, ಇಲ್ಲಿ ಎಲ್ಲರೂ ಬಾಯಿ ಜೋರು, ಎದೆ ಮೆತ್ತಗೆ. ಹೆದರ್ಬೇಡ," ಎಂದು ಹೇಳಿ ಅವರು ಅಕ್ಕನನ್ನು ಈ ಕುರ್ಚಿಯಲ್ಲಿ ಕೂರಿಸಿ ಹೋಗಿದ್ದರು.

ಕುರ್ಚಿಯೇನೋ ಸಿಕ್ಕಿತು. ಕೆಲಸ ಕಲಿಸುವವರು ಯಾರೂ ಇರಲಿಲ್ಲ. ಕಲಿಸಿದ್ದು ಕಿಟಕಿ. ಇಬ್ಬರು ಭಾವಮೈದುನರ ನಡುವೆ ಮನೆಯ ಗೋಡೆಗಾಗಿ ಜಗಳ ಹತ್ತಿದೆ. ಅವರನ್ನು ಒಂದೇ ಬಸ್ಸಿಗೆ ಹಾಕಿದರೆ ಬಸ್ಸು ಹೋಗುತ್ತದೆ, ಟಿಕೆಟ್ ಹರಿಯುವುದಿಲ್ಲ. ಒಂದು ಹಳೆಯ ಬಸ್ಸು ಸದಾ ಎಡಕ್ಕೆಳೆಯುತ್ತದೆ. ಅದಕ್ಕೆ ತೋಳಿನಲ್ಲಿ ಕಸುವಿದ್ದವನೇ ಬೇಕು. ಒಬ್ಬ ಕಂಡಕ್ಟರಿಗೆ ಆಸ್ಪತ್ರೆಯ ದಾರಿ ಬೇಡ. ಮಗು ಹೋದದ್ದು ಆ ಆಸ್ಪತ್ರೆಯಲ್ಲಿ. ಇನ್ನೊಬ್ಬನ ಹೆಂಡತಿ ವಾರಕ್ಕೆರಡು ದಿನ ರಕ್ತ ಶುದ್ಧಿಗೆ ಹೋಗಬೇಕು. ಆ ದಿನ ಅವನಿಗೆ ಮಧ್ಯಾಹ್ನ ಬಿಡುವಿರಬೇಕು. ಇದೆಲ್ಲ ಯಾವ ಅರ್ಜಿಯಲ್ಲೂ ಬರುವುದಿಲ್ಲ. ಪಾಳಿಯ ಚೀಟಿ ಇಸಿದುಕೊಳ್ಳುವಾಗ, ಹಲಗೆಯ ಮೇಲೆ ಮೊಣಕೈ ಊರಿ, ಅತ್ತಿತ್ತ ನೋಡಿ, ಅರ್ಧ ಹೇಳಿ ಅರ್ಧ ನುಂಗುತ್ತಾರೆ. ನುಂಗಿದ ಅರ್ಧವನ್ನು ಅಕ್ಕ ಊಹಿಸಿಕೊಳ್ಳಬೇಕು.

ಹಾಗೆ ಹೇಳಿದವರಲ್ಲಿ ದೊಡ್ಡಣ್ಣನೂ ಒಬ್ಬರು. "ಮಧ್ಯಾಹ್ನದವರೆಗೆ ನನ್ನದು ಹದ್ದಿನ ಕಣ್ಣು ತಂಗಿ. ಬೆಳಕು ಇಳಿದ ಮೇಲೆ ಎದುರು ಗಾಡಿಯ ದೀಪ ಒಡೆದ ಹಾಗಾಗುತ್ತೆ. ರಸ್ತೆಯ ಬದಿಗಳು ಮಾಯ. ಸಂಜೆ ಪಾಳಿ ಒಂದು ಕೊಡ್ಬೇಡ." ಅಷ್ಟೇ. ಅಕ್ಕ ಮರುಮಾತಾಡಲಿಲ್ಲ. ಅಂದಿನಿಂದ ಅವರಿಗೆ ಬೆಳಗಿನದೇ ಪಾಳಿ. ಯಾರಾದರೂ ತಕರಾರು ತೆಗೆದರೆ, "ಹಿರಿಯರು, ಬಿಡ್ರಪ್ಪಾ," ಎಂದು ಬಾಯಿ ಮುಚ್ಚಿಸುತ್ತಿದ್ದರು. ವರ್ಷಗಳು ಹಾಗೆಯೇ ಸರಿದವು.

ಆಮೇಲೆ ಬಂತು ಹೊಸ ಯೋಜನೆ. ಎಲ್ಲ ಡಿಪೋಗಳ ಪಾಳಿಯನ್ನೂ ಕಂಪ್ಯೂಟರೇ ಹಂಚಬೇಕು ಎಂದು ಮೇಲಿನಿಂದ ಆಜ್ಞೆ. ಇದಕ್ಕೂ ಮೊದಲು ಇನ್ನೊಂದು ಡಿಪೋದಲ್ಲಿ ಇದೇ ಪ್ರಯತ್ನ ನಡೆದು ಮಣ್ಣುಮುಕ್ಕಿತ್ತು. ಯಂತ್ರ ಶುರುವಾದ ದಿನವೇ ಅರ್ಧದಷ್ಟು ಬಸ್ಸು ಗೇಟು ದಾಟಲಿಲ್ಲ. ವಾರದೊಳಗೆ ಎಲ್ಲ ಮೂಲೆ ಸೇರಿತು. ಅದನ್ನು ನಡೆಸಿದ ಹೆಂಗಸೇ ಇಲ್ಲಿಗೂ ಬಂದರು. ನಲವತ್ತರ ಆಸುಪಾಸು, ಕಡಿಮೆ ಮಾತು. ಡ್ರೈವರುಗಳು ಅವರಿಗೆ ಕಂಪ್ಯೂಟರ್ ಮೇಡಂ ಎಂದು ಹೆಸರಿಟ್ಟರು.

ಮೇಡಂ ಬಂದವರೇ ಮೀಟಿಂಗ್ ಕರೆಯಲಿಲ್ಲ. ಒಂದು ಸ್ಟೂಲ್ ತಂದು ಅಕ್ಕನ ಪಕ್ಕ ಹಾಕಿಕೊಂಡರು. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಆ ಸ್ಟೂಲಿನ ಮೇಲೆ ಕೂತು ಕಿಟಕಿಯ ಮಾತು ಕೇಳಿದರು. "ಹಿಂದಿನ ಸಲ ನಾನು ಆಫೀಸಿನವರನ್ನ ಕೇಳಿ ಕಟ್ಟಿದೆ. ಅವರು ಕೆಲಸ ಹೇಗೆ ನಡೀಬೇಕು ಅಂತ ಹೇಳಿದ್ರು. ಹೇಗೆ ನಡೀತಿದೆ ಅಂತ ಯಾರೂ ಹೇಳಲಿಲ್ಲ. ಕೇಳೋ ಬುದ್ಧಿ ನನಗೂ ಇರಲಿಲ್ಲ," ಎಂದು ಮೇಡಂ ಹೇಳುತ್ತಾರೆ. ಆ ಸೋಲು ಅವರಿಗೆ ಇನ್ನೊಂದು ಪಾಠವನ್ನೂ ಕಲಿಸಿತ್ತು. ಯಂತ್ರಕ್ಕೆ ಹಾಕುವ ಪ್ರತಿಯೊಂದು ನಿಯಮದ ಮುಂದೆ ಅದರ ಕಾರಣವನ್ನೂ ಬರೆಸುತ್ತಿದ್ದರು.

"ಯಾಕೆ ಮೇಡಂ, ನಾನು ಹೇಳಿದ್ದು ಸಾಲದಾ?" ಎಂದು ಅಕ್ಕ ಕೇಳಿದ್ದರು.

"ಸಾಕು ಅಕ್ಕಾ. ಆದ್ರೆ ನಾಳೆ ನೀವೂ ಇರಲ್ಲ, ನಾನೂ ಇರಲ್ಲ. ಕಾರಣ ಇಲ್ಲದ ನಿಯಮ ಅಂದ್ರೆ ವಾರಸುದಾರರಿಲ್ಲದ ಮನೆ ಇದ್ದ ಹಾಗೆ. ಯಾರೋ ಬಂದು ಕೆಡವಿ ಹಾಕ್ತಾರೆ."

ಇದು ಅಕ್ಕನ ಮನಸ್ಸಿಗೆ ಹತ್ತಿತು. ಒಂದೊಂದೇ ನಿಯಮ, ಒಂದೊಂದೇ ಕಾರಣ ಹೇಳುತ್ತಾ ಹೋದರು. ಹೇಳುವ ಮೊದಲು ಆಯಾ ಡ್ರೈವರನ್ನು ಕರೆದು ಒಪ್ಪಿಗೆ ಕೇಳುತ್ತಿದ್ದರು. ಕೆಲವರು ಒಪ್ಪಿದರು, ಕೆಲವರು ಗೊಣಗಿ ಒಪ್ಪಿದರು. ಮಗುವನ್ನು ಕಳೆದುಕೊಂಡ ಕಂಡಕ್ಟರ್ ಮಾತ್ರ, "ಕಾರಣ ಅಂತ ಬರೀಬೇಡಿ ಅಕ್ಕಾ. ನಾನು ಇನ್ನು ಆ ದಾರೀಲೇ ಹೋಗ್ತೀನಿ," ಎಂದು ತಲೆ ತಗ್ಗಿಸಿ ಹೊರಟುಹೋದ. ಈಗಲೂ ಅವನು ಆ ದಾರಿಯಲ್ಲೇ ಟಿಕೆಟ್ ಹರಿಯುತ್ತಾನೆ.

ದೊಡ್ಡಣ್ಣನ ಸರದಿ ಬಂತು. ಇವರಿಗೇಕೆ ಬೆಳಗಿನ ಪಾಳಿ ಮಾತ್ರ ಎಂದು ಮೇಡಂ ಕೇಳಿದರು. ಕಣ್ಣಿನ ವಿಷಯ ಬರೆದರೆ ಮೇಲಿನವರು ನೋಡುತ್ತಾರೆ, ತಪಾಸಣೆಗೆ ಕಳಿಸುತ್ತಾರೆ, ಸ್ಟಿಯರಿಂಗ್ ಕಿತ್ತುಕೊಳ್ಳುತ್ತಾರೆ. ನಿವೃತ್ತಿಗೆ ಇನ್ನು ಎರಡೇ ವರ್ಷ. ಅಕ್ಕ ಬೇರೆ ಕಾರಣ ಕೊಟ್ಟರು.

"ಮೊದಲಿಂದ ಅಭ್ಯಾಸ ಮೇಡಂ. ಹಿರಿಯರು."

ಮೇಡಂ ಒಂದು ಗಳಿಗೆ ಅವರನ್ನೇ ನೋಡಿದರು. ನಂತರ 'ಅಭ್ಯಾಸ' ಎಂದು ಬರೆದುಕೊಂಡರು.

ಯಂತ್ರ ಶುರುವಾಗುವ ಮುನ್ನ, ನಿಯಮಗಳು ಹೆಚ್ಚಾದವು, ತೂಕ ಇಳಿಸಿ ಎಂದು ಮೇಲಿನ ಕಚೇರಿ ಹೇಳಿತು. ಅಭ್ಯಾಸ, ವಾಡಿಕೆ, ಹಿರಿತನ ಎಂದಿದ್ದ ಎಲ್ಲವನ್ನೂ ಅಲ್ಲಿನವರು ಅಕ್ಕನಿಗೆ ತಿಳಿಸದೆ ಒಂದೇ ಸಲಕ್ಕೆ ಗುಡಿಸಿ ಹಾಕಿದರು. ತಪ್ಪೆಂದು ಹೇಳುವ ಹಾಗಿಲ್ಲ. ಅಭ್ಯಾಸಕ್ಕಾಗಿ ಒಬ್ಬರಿಗೇ ಬೆಳಗಿನ ಪಾಳಿ ಕೊಡುವುದು ಉಳಿದವರಿಗೆ ಅನ್ಯಾಯವಲ್ಲವೇ?

ಮೊದಲ ದಿನ ಡಿಪೋದಲ್ಲಿ ಎಲ್ಲರ ಕಣ್ಣೂ ಗೇಟಿನ ಮೇಲಿತ್ತು. ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಗೇಟು ದಾಟಿದವು. ಮೇಡಂ ಮುಖದಲ್ಲಿ ಅಕ್ಕ ಮೊದಲ ಬಾರಿಗೆ ನಗು ನೋಡಿದರು. ಭಾವಮೈದುನರು ಬೇರೆ ಬೇರೆ ದಿಕ್ಕಿಗೆ ಹೋದರು. ಎಡಕ್ಕೆಳೆಯುವ ಬಸ್ಸಿಗೆ ಕಸುವಿನ ತೋಳು ಸಿಕ್ಕಿತು. ದೊಡ್ಡಣ್ಣನ ಮೊಬೈಲಿಗೆ ಮುಂದಿನ ವಾರದ ಸಂಜೆ ಪಾಳಿ ಬಂತು. ಅವರು ಅದನ್ನು ಯಾರಿಗೂ ತೋರಿಸಲಿಲ್ಲ. ಆಗುವುದಿಲ್ಲ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕಲ್ಲ. ಅಕ್ಕನ ಕಿಟಕಿಗೂ ಬರಲಿಲ್ಲ. ಪಾಳಿ ಮೊಬೈಲಿನಲ್ಲೇ ಸಿಗುವಾಗ ಕಿಟಕಿಗೆ ಬರುವ ನೆಪವೇ ತಪ್ಪಿಹೋಗಿತ್ತು.

ಕೆಲವು ವಾರ ಕಳೆದವು. ಒಂದು ದಿನ ಮೇಡಂ ಉತ್ಸಾಹದಿಂದ ಅಕ್ಕನನ್ನು ಪರದೆಯ ಮುಂದೆ ಕರೆದರು. ಒಂದು ಬಸ್ಸು ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತಿದೆಯೆಂದು ಯಂತ್ರ ತಾನಾಗಿಯೇ ಪತ್ತೆ ಹಚ್ಚಿತ್ತು. ಅದನ್ನು ಓಟದಿಂದ ತೆಗೆದು ವರ್ಕ್‌ಶಾಪಿಗೆ ಕಳಿಸಿತ್ತು. "ನೋಡಿ ಅಕ್ಕಾ, ನಾವು ಹೇಳಿಕೊಡದೇ ಇದ್ದದ್ದನ್ನೂ ಕಂಡುಹಿಡೀತು."

ಮಾರನೆಯ ಬೆಳಿಗ್ಗೆ ಹೆಡ್ ಮೆಕ್ಯಾನಿಕ್ ಕಿಟಕಿಗೆ ಬಂದು ಹಲಗೆಯ ಮೇಲೆ ಎರಡೂ ಗ್ರೀಸ್ ಕೈ ಊರಿದರು.

"ಅಕ್ಕಾ, ನಿಮ್ಮ ಯಂತ್ರಕ್ಕೆ ಹುಚ್ಚು ಹಿಡಿದಿದೆಯಾ ಹೇಗೆ? ಆ ಗಾಡಿ ಗುಂಡುಕಲ್ಲಿನ ಹಾಗಿದೆ. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ. ಅದಕ್ಕೆ ಕಾಯಿಲೆ ಇಲ್ಲ. ಇನ್ನೊಂದು ಸಲ ಕಳಿಸಿದ್ರೆ ನನಗೇ ಕಾಯಿಲೆ ಬರುತ್ತೆ."

"ಎಲ್ಲಿ ಕೆಟ್ಟು ನಿಲ್ಲುತ್ತೆ ಅದು?"

"ಎಲ್ಲಾದ್ರೂ ಒಂದು ಕಡೆ. ಆದ್ರೆ ಹೊತ್ತು ಮಾತ್ರ ಒಂದೇ. ಸೂರ್ಯ ಮುಳುಗೋ ಹೊತ್ತು. ಗಾಡಿಗೂ ಮನೆ ನೆನಪಾಗುತ್ತೋ ಏನೋ!"

ಮೆಕ್ಯಾನಿಕ್ ತಮ್ಮ ಮಾತಿಗೆ ತಾವೇ ನಕ್ಕು ಹೋದರು. ಆ ಸಂಜೆಗಳಲ್ಲಿ ಬಸ್ಸು ಓಡಿಸಿದವರು ಯಾರೆಂದು ಅಕ್ಕ ಪರದೆಯಲ್ಲಿ ನೋಡಿದರು. ನೋಡಬೇಕಾಗಿಯೂ ಇರಲಿಲ್ಲ.

ದೊಡ್ಡಣ್ಣ ಟೈರ್ ಗೋದಾಮಿನ ಹಿಂದಿನ ಕಟ್ಟೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತರು.

"ಅಣ್ಣಾ, ಬಸ್ಸು ಕೆಟ್ಟಿಲ್ವಂತೆ."

ದೊಡ್ಡಣ್ಣ ಅಗಿಯುವುದನ್ನು ನಿಲ್ಲಿಸಿದರು. "ಕತ್ತಲಾಗೋದಕ್ಕೆ ಮುಂಚೆ ಬದಿಗೆ ಹಾಕ್ತೀನಿ. ಜನರನ್ನ ಹಿಂದಿನ ಬಸ್ಸಿಗೆ ಹತ್ತಿಸ್ತೀನಿ. ಯಾರಿಗೆ ಏನು ನಷ್ಟ?"

"ಮೊನ್ನೆ ಎಲ್ಲಿ ಹಾಕಿದ್ರಿ?"

ಅವರು ಉಳಿದ ಬನ್ನನ್ನು ಕಾಗದದಲ್ಲಿ ಸುತ್ತಿಟ್ಟರು. "ಮೊನ್ನೆ ಮೋಡ ಇತ್ತು. ಬೆಳಕು ಬೇಗ ಹೋಯ್ತು. ಬದಿ ಅಂದ್ಕೊಂಡು ನಿಲ್ಲಿಸಿದೆ, ಚರಂಡಿಯಂಚಾಗಿತ್ತು. ಒಬ್ಬಳು ಮುದುಕಿ ಬುಟ್ಟಿ ಹಿಡ್ಕೊಂಡು ಇಳಿದಳು... ಕೆಳಗೆ ನೆಲ ಇರಲಿಲ್ಲ. ಕಂಡಕ್ಟರ್ ಸೆರಗು ಹಿಡಿದು ಎಳ್ಕೊಂಡ. ಬುಟ್ಟಿ ಹೋಯ್ತು."

ಅಕ್ಕ ಕಟ್ಟೆಯಿಂದ ಕಾಲು ಕೆಳಗಿಳಿಸಿದರು.

"ಹೇಳ್ಬೇಡ ತಂಗಿ. ಎರಡು ವರ್ಷ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಗುತ್ತೆ." ಅಕ್ಕ ಏಳುವಾಗ ಅವರು ಮತ್ತೊಂದು ಮಾತು ಹೇಳಿದರು. "ನಿನ್ನ ಗಂಡ ಇದ್ದಿದ್ರೆ ಹೇಳ್ತಿದ್ನಾ?"

ಅಕ್ಕನ ಮನೆಯಲ್ಲಿರುವುದು ಇಬ್ಬರೇ. ಅಕ್ಕ, ಎಂಬತ್ತರ ಅತ್ತೆ. ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಅತ್ತೆಗೆ ಕಿವಿ ಮಂದ, ಬುದ್ಧಿ ಚುರುಕು. ಆ ರಾತ್ರಿ ಸೊಸೆ ತಟ್ಟೆಯ ಮುಂದೆ ಕೂತು ಅನ್ನ ಕೆದಕುವುದನ್ನು ಕಂಡು ವಿಷಯ ಬಾಯಿ ಬಿಡಿಸಿದರು.

"ಗಂಡಸರ ಗುಟ್ಟನ್ನೆಲ್ಲ ಹೊಟ್ಟೇಲಿಟ್ಕೊಂಡಿದೀಯ, ಒಳ್ಳೇದು," ಎಂದರು ಅತ್ತೆ. "ಆದ್ರೆ ಬಸ್ಸು ಹತ್ತೋರು ನಿನ್ನ ಹೊಟ್ಟೇಲಿ ಕೂತ್ಕೊಳ್ಳಲ್ಲ, ಬಸ್ಸಲ್ಲಿ ಕೂತ್ಕೊಳ್ತಾರೆ."

"ನಿಮ್ಮ ಮಗ ಇದ್ದಿದ್ರೆ ಹೇಳ್ತಿದ್ರಾ ಅತ್ತೆ?"

"ಅವನು ನನ್ನ ಹತ್ರ ಜ್ವರ ಬಂದಿರೋದನ್ನೇ ಮೂರು ದಿನ ಹೇಳಲಿಲ್ಲ. ಅದರಿಂದ ಏನಾಯ್ತು ಅಂತ ನೋಡಿದೀವಲ್ಲ. ಅನ್ನ ಆರುತ್ತೆ, ತಿನ್ನು."

ಮಾರನೆಯ ದಿನ ಅಕ್ಕ ಮೇಡಂ ಬಳಿ ಬಾಯಿ ಬಿಟ್ಟರು. ಕಥೆ ಕೇಳಿ ಮೇಡಂ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಬೈಯುತ್ತಾರೆಂದುಕೊಂಡಿದ್ದ ಅಕ್ಕನನ್ನು ಅವರು ಬೈಯಲಿಲ್ಲ.

"ಅಭ್ಯಾಸ ಅಂತ ನೀವು ಹೇಳಿದಾಗ್ಲೇ ನನಗೆ ಏನೋ ಇದೆ ಅನ್ನಿಸಿತ್ತು ಅಕ್ಕಾ. ಇನ್ನೊಂದು ಸಲ ಕೇಳ್ಬೇಕಿತ್ತು. ಯೋಜನೆಗೆ ದಿನ ಹತ್ರ ಬಂದಿತ್ತು, ಸುಮ್ಮನಾದೆ." ಪರದೆಯತ್ತ ತಿರುಗಿ, "ಈಗ ಬರೆದ್ರೆ ಏನಾಗುತ್ತೆ ಅಂತ ಗೊತ್ತಲ್ಲ?"

"ಗೊತ್ತು. ನಾನೇ ಬರೀತೀನಿ. ನಿಮ್ಮ ಕೈಯಿಂದ ಬೇಡ."

ಕಾರಣದ ಜಾಗದಲ್ಲಿ ಅಕ್ಕ ಒಂದೊಂದೇ ಅಕ್ಷರ ಒತ್ತಿದರು: ಸಂಜೆ ಕಣ್ಣು ಕಾಣುವುದಿಲ್ಲ.

ಬರೆಯುವ ಮೊದಲು ಹೇಳಿಯೇ ಬರೆದರು. ದೊಡ್ಡಣ್ಣನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, "ಅಣ್ಣಾ, ನಾನು ಇವತ್ತು ಹೇಳ್ತೀನಿ," ಎಂದಿದ್ದರು. ಅವರು ಒಳಗೆ ನಡೆದಿದ್ದರು. ಬಾಗಿಲು ಹಾಕಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ.

ಆಮೇಲಿನದೆಲ್ಲ ನಿರೀಕ್ಷಿಸಿದಂತೆಯೇ ನಡೆಯಿತು, ಒಂದನ್ನು ಬಿಟ್ಟು. ತಪಾಸಣೆಗೆ ಕರೆ ಬಂತು. ಸ್ಟಿಯರಿಂಗ್ ಹೋಯಿತು. ಟೈರ್ ಗೋದಾಮಿನಲ್ಲಿ ಕೆಲಸ ಕೊಟ್ಟರು. ಯಾರೂ ನಿರೀಕ್ಷಿಸದೆ ಇದ್ದದ್ದು ಕಣ್ಣಿನ ಡಾಕ್ಟರು ಹೇಳಿದ ಮಾತು. ಕಣ್ಣಿನ ಒತ್ತಡ ಏರಿ ನರ ಒಣಗುತ್ತಾ ಬಂದಿದೆ. ಹೋದ ದೃಷ್ಟಿ ಇನ್ನು ವಾಪಸು ಬರುವುದಿಲ್ಲ. ಕೆಲವು ವರ್ಷ ಮೊದಲೇ ಬಂದಿದ್ದರೆ ದಿನಾ ಒಂದೆರಡು ಹನಿ ಔಷಧಿಯಲ್ಲೇ ಬಹುಪಾಲು ತಡೆಯಬಹುದಿತ್ತು.

"ಕೆಲವು ವರ್ಷ ಮೊದಲು ಅಂದ್ರೆ ಯಾವಾಗ ಅಂತ ನನಗೆ ಗೊತ್ತು," ಎನ್ನುತ್ತಾರೆ ಅಕ್ಕ. ಹೇಳುವಾಗ ಅವರು ಕಿಟಕಿಯ ಹೊರಗೆ ನೋಡುತ್ತಾರೆ. "ಈ ಹಲಗೆ ಮೇಲೆ ಮೊಣಕೈ ಊರಿ ನಿಂತಿದ್ರಲ್ಲ, ಆವಾಗ. 'ಅಣ್ಣಾ, ಡಾಕ್ಟರ ಹತ್ರ ಹೋಗಿ' ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಾನು ಬೆಳಗಿನ ಪಾಳಿ ಕೊಟ್ಟೆ. ದೊಡ್ಡ ಉಪಕಾರ ಮಾಡ್ತಿದೀನಿ ಅಂದ್ಕೊಂಡೆ."

ಯೋಜನೆ ಈಗ ಗೆದ್ದ ಯೋಜನೆ. ಉಳಿದ ಡಿಪೋಗಳಿಗೂ ಹಬ್ಬುತ್ತಿದೆ. ಸಮಾರಂಭ ನಡೆಯಿತು, ದೊಡ್ಡವರು ಬಂದರು, ಗೋಡೆಗೆ ಫಲಕ ಹಾಕಿದರು. ಫಲಕದಲ್ಲಿ ಅಕ್ಕನ ಹೆಸರಿಲ್ಲ; ಅವರೂ ಹುಡುಕಿಲ್ಲ. ಫಲಕ ಹೇಳದ ಎರಡು ಬದಲಾವಣೆಗಳನ್ನು ಅಕ್ಕ ಮತ್ತು ಮೇಡಂ ಪಟ್ಟು ಹಿಡಿದು ಮಾಡಿಸಿದ್ದಾರೆ. ಒಂದು, 'ಅಭ್ಯಾಸ' ಎಂಬ ಮಾತನ್ನು ಯಂತ್ರ ಈಗ ಕಾರಣವೆಂದು ಒಪ್ಪಿಕೊಳ್ಳುವುದಿಲ್ಲ, ಇನ್ನೊಮ್ಮೆ ಕೇಳುತ್ತದೆ. ಇನ್ನೊಂದು, ಮೈಯ ಕಾಯಿಲೆಯ ಕಾರಣಗಳು ಮೇಲಿನ ಕಚೇರಿಗೆ ಹೋಗುವ ಮೊದಲು ಡಿಪೋದ ಡಾಕ್ಟರ ಬಳಿ ಹೋಗುತ್ತವೆ. ಮದ್ದು ಮೊದಲು, ಮಿಕ್ಕ ಮಾತು ಆಮೇಲೆ. ಬೇರೆ ಡಿಪೋಗೆ ಹೋಗಿರುವ ಮೇಡಂ ಅಲ್ಲಿಯೂ ಮೊದಲ ದಿನವೇ ಪಾಳಿ ಕಿಟಕಿಯ ಪಕ್ಕ ಸ್ಟೂಲ್ ಹಾಕಿಕೊಂಡಿದ್ದಾರಂತೆ. ಕೆಲಸ ತೊಡಕಿಗೆ ಸಿಕ್ಕಿಕೊಂಡಾಗಲೆಲ್ಲ ಅಕ್ಕನಿಗೆ ಫೋನ್ ಮಾಡುತ್ತಾರೆ.

ಆದರೆ ಈ ಕಿಟಕಿಗೆ ಬರುವವರು ಕಡಿಮೆಯಾಗಿದ್ದಾರೆ. ಅಕ್ಕನ ಕಿವಿಗೆ ಹಾಕಿದ್ದು ಯಂತ್ರದ ಹೊಟ್ಟೆಗೆ ಹೋಗುತ್ತದೆ ಎಂಬ ಮಾತು ಡಿಪೋದಲ್ಲಿ ಸುತ್ತುತ್ತಿದೆ. ಮಗುವಿಗೆ ಹುಷಾರಿಲ್ಲದವನು ಹುಷಾರಿಲ್ಲ ಎನ್ನುವುದಿಲ್ಲ. ಜಗಳವಾಡಿಕೊಂಡವರು ಜೊತೆಯಲ್ಲೇ ಹೋಗಿ, ಹಾದಿಯಲ್ಲಿ ಮತ್ತೆ ಜಗಳವಾಡಿ ಬರುತ್ತಾರೆ. ಯಂತ್ರಕ್ಕೆ ಗೊತ್ತಿರುವುದೆಲ್ಲ ಹೋದ ವರ್ಷದ ಸಂಗತಿ. ಹೊಸದನ್ನು ಅದಕ್ಕೆ ಹೇಳಬೇಕಾದವರಿಗೇ ಯಾರೂ ಏನೂ ಹೇಳುತ್ತಿಲ್ಲ.

ಬೆಳಕು ಹರಿದಿದೆ. ಕೊನೆಯ ಬಸ್ಸು ಗೇಟು ದಾಟುತ್ತದೆ. ಗೇಟಿನ ಬದಿಯಿಂದ ಹಿರಿಯರೊಬ್ಬರು ಗೋಡೆಗೆ ಹತ್ತಿರವಾಗಿ, ಕಾಲಿನಿಂದ ನೆಲ ಸವರುತ್ತಾ ಟೈರ್ ಗೋದಾಮಿನ ಕಡೆ ಹೋಗುತ್ತಾರೆ. ಕಿಟಕಿಯ ಮುಂದೆ ಹಾದರೂ ತಲೆ ತಿರುಗಿಸುವುದಿಲ್ಲ. ಅಕ್ಕ ಎದ್ದು ನಿಂತು, ಅವರು ಮರೆಯಾದ ಮೇಲೆ ಕೂರುತ್ತಾರೆ. ದಿನಾ ಹೀಗೆಯೇ ಅಂತೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಅಕ್ಕ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಲೋಟ ಬದಿಗಿಡುತ್ತಾರೆ.

"ಬಡ್ತಿ ಗಿಡ್ತಿ ನನಗೆ ಬೇಡ. ಅಣ್ಣ ಒಂದು ದಿನ ಇಲ್ಲಿಗೆ ಬಂದು ನನ್ನನ್ನ ಬಾಯಿಗೆ ಬಂದ ಹಾಗೆ ಬೈಲಿ. ಅಂಗಳದಲ್ಲಿರೋರಿಗೆಲ್ಲ ಕೇಳೋ ಹಾಗೆ ಬೈಲಿ. ನಾನು ತಲೆ ಬಗ್ಗಿಸಿ ಬೈಸ್ಕೊಳ್ತೀನಿ. ಅದನ್ನ ನೋಡಿಯಾದ್ರೂ ಉಳಿದವರಿಗೆ ಗೊತ್ತಾಗ್ಲಿ, ಈ ಕಿಟಕೀಲಿ ಇನ್ನೂ ಮಾತಾಡಬಹುದು ಅಂತ."